ಅಪ್ಪನ ಟ್ರಂಕಿನಲ್ಲಿ ಸಿಕ್ಕ 38 ಪತ್ರಿಕೆಗಳು

ಪ್ರಶ್ನೆ: ನನಗೆ 54 ವರ್ಷ. ತವರುಮನೆ ಜಯನಗರ. ತಂದೆ ಹೋದ ವರ್ಷ ತೀರಿಕೊಂಡರು. ಕುಮಟಾ ಕಡೆಯವರು, ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿದ್ದವರು, ಬಹಳ ಶಿಸ್ತಿನ ಮನುಷ್ಯ. 1969ರಿಂದ ಎರಡು ವರ್ಷ ಟ್ರೈನಿಂಗಿಗೆ ಅಂತ ಅಮೆರಿಕದಲ್ಲಿದ್ದರು. ವರ್ಷದ ಕಾರ್ಯ ಮುಗಿದ ಮೇಲೆ ಅಟ್ಟ ಕ್ಲೀನ್ ಮಾಡುವಾಗ ಅವರ ತಗಡಿನ ಟ್ರಂಕ್ ಇಳಿಸಿದೆವು. ಮೇಲೆ ಹಳೇ ಪಂಚಾಂಗ, ಎಲ್‌ಐಸಿ ರಸೀದಿ, ಲೆಕ್ಕದ ಪುಸ್ತಕ. ಅವನ್ನೆಲ್ಲ ತೂಕಕ್ಕೆ ಹಾಕೋಣ ಅಂತ ಗಂಟು ಕಟ್ಟಿಟ್ಟಿದ್ದೇವೆ. ಕೆಳಗೆ ಪಂಚೆಯಲ್ಲಿ ಸುತ್ತಿದ 38 ಮ್ಯಾಗಜೀನ್! 23 ಪ್ಲೇಬಾಯ್, 13 ಡೆಬೊನೇರ್, ಕವರ್ ಹರಿದುಹೋದ ಎರಡು ಕನ್ನಡದವು. ತಮ್ಮ ಈಗಲೇ ಸುಟ್ಟುಬಿಡೋಣ ಅಂತಾನೆ. ನನ್ನ ಮಗ, 'ತಾತ ಲೇಖನ ಓದೋಕೆ ಇಟ್ಕೊಂಡಿದ್ರು ಬಿಡಮ್ಮ' ಅಂತ ನಗ್ತಾನೆ. ಕೆಲವು ಪುಟಗಳಲ್ಲಿ ಅಪ್ಪ ಪೆನ್ಸಿಲ್ ಗುರುತು ಮಾಡಿದ್ದಾರೆ. 1971ರ ನವೆಂಬರ್ ಸಂಚಿಕೆಯಲ್ಲಿ ಕಡಲ ದಡಕ್ಕೆ ತೇಲಿಬಂದ ಹೆಣದ ಕಥೆ ಇದೆ. ಅದರ ಅಂಚಿನಲ್ಲಿ 'ಪಾಚಿ', 'ಹಾಯಿಬಟ್ಟೆ', 'ಲಂಗರು' ಅಂತ ಕನ್ನಡದಲ್ಲಿ ಬರೆದಿದ್ದಾರೆ. ಮಧ್ಯೆ ಒಂದು ಬಿಟಿಎಸ್ ಬಸ್ ಟಿಕೆಟ್. ಇಂಥ ಪತ್ರಿಕೆಗಳಲ್ಲಿ ನಿಜಕ್ಕೂ ಓದುವಂಥದ್ದು ಇರುತ್ತಿತ್ತಾ? ಮನೆಯಲ್ಲಿ ಇಟ್ಟುಕೊಂಡರೆ ಕಾನೂನಿನ ತೊಂದರೆ ಉಂಟಾ? ಏನು ಮಾಡಲಿ? ಅಮ್ಮನಿಗೆ ಇನ್ನೂ ಹೇಳಿಲ್ಲ.

ಉತ್ತರ: ಮೇಡಂ, ನೀವು ಕೇಳಿರುವುದು ಮೂರು ಪ್ರಶ್ನೆ. ಕೇಳದೆ ಬಿಟ್ಟ ನಾಲ್ಕನೆಯದೂ ಒಂದು ಕಾಣುತ್ತಿದೆ. ಅಪ್ಪ ನಾವು ಅಂದುಕೊಂಡಿದ್ದ ಮನುಷ್ಯ ಹೌದೋ ಅಲ್ಲವೋ ಅಂತ. ಅದನ್ನು ತೀರ್ಮಾನಿಸಲು ನಾನು ಯಾರು? ವಾರಪತ್ರಿಕೆಯೊಂದರಲ್ಲಿ ಕಥೆಗಳ ಪುಟ ನೋಡಿಕೊಂಡಿದ್ದವನು ನಾನು. ಆಮೇಲೆ ಬೆಂಗಳೂರಿನ ಮನೆಗಳಲ್ಲಿ ಉಳಿದುಹೋದ ಪುಸ್ತಕ, ಪತ್ರಿಕೆ ವಿಂಗಡಿಸಿ ಕೊಡುವುದೇ ಕೆಲಸವಾಯಿತು. ಒಂದು ಮಾತ್ರ ಹೇಳಬಲ್ಲೆ. ಬಸವನಗುಡಿ, ಮಲ್ಲೇಶ್ವರ, ಜಯನಗರದ ಹಳೇ ಮನೆಗಳಲ್ಲಿ ಇಂಥ ಗಂಟು ನನಗೆ ಎಷ್ಟೋ ಸಲ ಸಿಕ್ಕಿದೆ. ಹೆಚ್ಚಾಗಿ ಶಿಸ್ತಿನವರ ಮನೆಯಲ್ಲೇ. ಶಿಸ್ತಿಲ್ಲದವರು ಐವತ್ತು ವರ್ಷ ಪಂಚೆಯಲ್ಲಿ ಸುತ್ತಿ ಜೋಪಾನ ಮಾಡುವುದಿಲ್ಲ, ಅಲ್ವಾ?

ಮೊದಲು ನಿಮ್ಮ ಮಗನ ನಗುವಿನ ವಿಷಯ. 'ಲೇಖನ ಓದೋಕೆ ತಗೋತೀನಿ' ಅನ್ನುವುದು ಪ್ಲೇಬಾಯ್‌ನಷ್ಟೇ ಹಳೆಯ ಜೋಕು. ಜೋಕು ಸುಳ್ಳೇನಲ್ಲ. ಒಳಗಿನ ಬೆತ್ತಲೆ ಚಿತ್ರ ಬೇಡ ಅಂತ ಯಾರೂ ಅದನ್ನು ಕೊಳ್ಳುತ್ತಿರಲಿಲ್ಲ. ಆದರೆ ಆ ಜೋಕಿಗೆ ನಕ್ಕು ನಕ್ಕು, ಒಳಗಿದ್ದ ಬರಹವೇ ನಮ್ಮ ಕಣ್ಣಿಗೆ ಬೀಳದೆ ಹೋಯಿತು. ನೀವು ಹೇಳಿದ 1971ರ ನವೆಂಬರ್ ಸಂಚಿಕೆಯನ್ನೇ ತಗೊಳ್ಳಿ. ಆ ಹೆಣದ ಕಥೆ ಬರೆದವರು ಗಾಬ್ರಿಯೆಲ್ ಗಾರ್ಸಿಯಾ ಮಾರ್ಕ್ವೆಜ್. ಅವರಿಗೆ ನೊಬೆಲ್ ಬಂದದ್ದು 1982ರಲ್ಲಿ. ಅದಕ್ಕೆ ಹನ್ನೊಂದು ವರ್ಷ ಮುಂಚೆ, ಮಾರ್ಕ್ವೆಜ್ ಯಾರು ಅಂತ ಬೆಂಗಳೂರಿನಲ್ಲಿ ಬೆರಳೆಣಿಕೆಯ ಮಂದಿಗೂ ಗೊತ್ತಿರದ ಕಾಲದಲ್ಲಿ, ನಿಮ್ಮ ತಂದೆ ಅವರನ್ನು ಓದಿ ಅಂಚಿನಲ್ಲಿ ಪೆನ್ಸಿಲ್ ಆಡಿಸಿದ್ದಾರೆ.

ಅದರ ಮುಂದಿನ ತಿಂಗಳ ಸಂಚಿಕೆ, ಅಂದರೆ 1971ರ ಡಿಸೆಂಬರಿನದು, ನಿಮ್ಮ ಗಂಟಿನಲ್ಲಿ ಇದೆಯಾ ನೋಡಿ. ಅದರಲ್ಲಿ ಆರ್ಥರ್ ಸಿ. ಕ್ಲಾರ್ಕ್ ಬರೆದ ನೀಳ್ಗತೆ ಇದೆ. ಗುರುಗ್ರಹದ ಮೋಡಗಳ ನಡುವೆ ಬಲೂನಿನಲ್ಲಿ ತೇಲುವ ಒಬ್ಬ ಪೈಲಟ್‌ನ ಕಥೆ. ವೈಜ್ಞಾನಿಕ ಕಥೆಗಳಿಗೆ ಕೊಡುವ ನೆಬ್ಯುಲಾ ಪ್ರಶಸ್ತಿ ಅದಕ್ಕೆ ಬಂತು. 1969ರ ನವೆಂಬರಿನದು ಇದ್ದರೆ ಅದರಲ್ಲಿ 'ಯು. ಕೆ. ಲೆ ಗ್ವಿನ್' ಅನ್ನುವ ಹೆಸರು ಹುಡುಕಿ. ಅದು ಉರ್ಸುಲಾ ಲೆ ಗ್ವಿನ್, ವೈಜ್ಞಾನಿಕ ಕಥೆಗಳ ದೊಡ್ಡ ಲೇಖಕಿ. ಹೆಂಗಸಿನ ಹೆಸರು ಕಂಡರೆ ಓದುಗರು ಗಾಬರಿಯಾದಾರು ಅಂತ ಪತ್ರಿಕೆಯವರು ಬರೀ ಇನಿಷಿಯಲ್ ಹಾಕಲು ಕೇಳಿಕೊಂಡರು, ಅವರು ಒಪ್ಪಿದರು. ಕಥೆ ದೊಡ್ಡದು, ಅದನ್ನು ಅಚ್ಚು ಹಾಕಿದವರ ಮನಸ್ಸು ಸಣ್ಣದು. ಎರಡೂ ಒಂದೇ ಪುಟದಲ್ಲಿ.

ಇದು ಎಲ್ಲಿಂದ ಶುರುವಾಯಿತು ಅಂತ ಸ್ವಲ್ಪ ಹೇಳುತ್ತೇನೆ. ಹ್ಯೂ ಹೆಫ್ನರ್ ಪ್ಲೇಬಾಯ್‌ನ ಮೊದಲ ಸಂಚಿಕೆ ತಂದದ್ದು ಶಿಕಾಗೊದಲ್ಲಿ, 1953ರ ಡಿಸೆಂಬರಿಗೆ. ಎರಡನೆಯದು ಬರುತ್ತದೋ ಇಲ್ಲವೋ ಗೊತ್ತಿಲ್ಲದ್ದರಿಂದ ಕವರಿನ ಮೇಲೆ ತಿಂಗಳನ್ನೇ ಹಾಕಿರಲಿಲ್ಲ. ಮರಿಲಿನ್ ಮನ್ರೋ ಚಿತ್ರದಿಂದ ಅದು ಐವತ್ತು ಸಾವಿರ ಪ್ರತಿ ದಾಟಿತು. ಕೆಲವೇ ತಿಂಗಳಲ್ಲಿ, 1954ರ ಮಾರ್ಚ್‌ನಿಂದ ಮೂರು ಸಂಚಿಕೆಗಳಲ್ಲಿ, ರೇ ಬ್ರಾಡ್ಬರಿಯ 'ಫ್ಯಾರನ್‌ಹೀಟ್ 451' ಧಾರಾವಾಹಿಯಾಗಿ ಬಂತು. ಪುಸ್ತಕ ಸುಡುವ ಸರ್ಕಾರದ ಕಥೆ ಅದು. ನಿಮ್ಮ ತಮ್ಮ ಬೆಂಕಿಪೊಟ್ಟಣ ಹುಡುಕುತ್ತಿದ್ದಾರೆ ಅಂತ ಓದಿದಾಗ ನನಗೆ ನೆನಪಾಗಿದ್ದು ಅದೇ. ತಪ್ಪು ತಿಳಿಯಬೇಡಿ.

1955ರಲ್ಲಿ ಚಾರ್ಲ್ಸ್ ಬೋಮಾಂಟ್ ಎಂಬವರ ಕಥೆಯೊಂದು ಬಂತು. ಅದರಲ್ಲಿ ಲೋಕ ತಲೆಕೆಳಗು. ಗಂಡಸು ಹೆಂಗಸನ್ನು ಪ್ರೀತಿಸುವುದೇ ಅಪರಾಧ. ಎಸ್ಕ್ವೈರ್ ಅನ್ನುವ ಇನ್ನೊಂದು ಗಂಡಸರ ಪತ್ರಿಕೆಯವರು ಬೇಡ ಅಂತ ಕಳಿಸಿದ್ದ ಕಥೆ ಅದು. ಆಗಿನ ಅಮೆರಿಕದಲ್ಲಿ ಸಲಿಂಗಪ್ರೇಮಿಗಳನ್ನು ಜೈಲಿಗೆ ಹಾಕುತ್ತಿದ್ದರು. ಓದಿದವರಿಗೆ ಮುಟ್ಟಬೇಕಾದಲ್ಲಿ ಮುಟ್ಟಿತು.

ಕಥೆ ಬಿಡಿ, ಸಂದರ್ಶನ. 1962ರ ಸೆಪ್ಟೆಂಬರಿನಲ್ಲಿ ಶುರುವಾದ ಪ್ಲೇಬಾಯ್ ಸಂದರ್ಶನಗಳನ್ನು ನಾನು ಹೊಸದಾಗಿ ಸೇರಿದ ವರದಿಗಾರರಿಗೆ ಪಾಠದ ಹಾಗೆ ಓದಿಸುತ್ತಿದ್ದೆ. ಚಿತ್ರದ ಪುಟ ಕಿತ್ತಿಟ್ಟುಕೊಂಡೇ ಓದಿಸುತ್ತಿದ್ದೆ, ಅದು ಬೇರೆ ಮಾತು. ಮೊದಲನೆಯದು ಜಾಝ್ ಸಂಗೀತಗಾರ ಮೈಲ್ಸ್ ಡೇವಿಸ್ ಜೊತೆ. ಪ್ರಶ್ನೆ ಕೇಳಿದವರು ಅಲೆಕ್ಸ್ ಹೇಲಿ, ಕಪ್ಪು ಪತ್ರಕರ್ತ. ಮಾತು ಸಂಗೀತದಿಂದ ಶುರುವಾಗಿ ಬಣ್ಣದ ಅವಮಾನಕ್ಕೆ ಬಂದು ನಿಲ್ಲುತ್ತದೆ. ಅದೇ ಹೇಲಿ 1963ರಲ್ಲಿ ಕಪ್ಪು ಜನರ ಹೋರಾಟದ ಮುಖಂಡ ಮಾಲ್ಕಂ ಎಕ್ಸ್‌ನನ್ನು ಮಾತಾಡಿಸಿದರು. ಆ ಪರಿಚಯವೇ ಮುಂದೆ ಮಾಲ್ಕಂ ಎಕ್ಸ್ ಆತ್ಮಕಥೆಯಾಯಿತು. 1965ರ ಜನವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್. 1966ರಲ್ಲಿ ಅಮೆರಿಕದ ನಾಜಿ ಪಕ್ಷದ ಮುಖಂಡ ರಾಕ್‌ವೆಲ್. ಆತ ಪಿಸ್ತೂಲನ್ನು ಎದುರಿಗೇ ಇಟ್ಟುಕೊಂಡು ಮಾತಾಡಿದ. ಹೇಲಿ ದನಿ ಎತ್ತದೆ ಒಂದರ ಹಿಂದೆ ಒಂದು ಪ್ರಶ್ನೆ ಕೇಳುತ್ತಲೇ ಹೋದರು. ಪ್ರಶ್ನೆಯ ಉದ್ದ ಒಂದು ಸಾಲು, ಉತ್ತರದ ಉದ್ದ ಅರ್ಧ ಪುಟ. ಸಂದರ್ಶನ ಅಂದರೆ ಹಾಗಿರಬೇಕು. ನಮ್ಮಲ್ಲಿ ಈಗ ಉಲ್ಟಾ.

1976ರ ನವೆಂಬರ್ ಸಂಚಿಕೆ ನಿಮ್ಮ ಗಂಟಿನಲ್ಲಿದ್ದರೆ ಅದರಲ್ಲಿ ಜಿಮ್ಮಿ ಕಾರ್ಟರ್ ಸಿಗುತ್ತಾರೆ. ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಧರ್ಮಭೀರು ಮನುಷ್ಯ, ಮನಸ್ಸಿನಲ್ಲೇ ಎಷ್ಟೋ ಸಲ ವ್ಯಭಿಚಾರ ಮಾಡಿದ್ದೇನೆ ಅಂತ ಒಪ್ಪಿಕೊಂಡುಬಿಟ್ಟರು. ದೇಶವೆಲ್ಲ ಗುಲ್ಲಾಯಿತು. ಗೆದ್ದರು ಅನ್ನಿ.

ಎಲ್ಲವೂ ಚಿನ್ನ ಅಂತ ನಾನು ಹೇಳಿದರೆ ಅದು ನಿಮ್ಮ ಮಗನ ಜೋಕಿಗಿಂತ ದೊಡ್ಡ ಸುಳ್ಳು. 1963ರ ಅಕ್ಟೋಬರ್ ಸಂಚಿಕೆಯಲ್ಲಿ ನಮ್ಮ ನೆಹರೂ ಸಂದರ್ಶನ ಅಂತ ಬಂತು. ನೆಹರೂ ಅದನ್ನು ಆ ಪತ್ರಿಕೆಗೆ ಕೊಟ್ಟದ್ದೇ ಅಲ್ಲ ಅಂತ ಭಾರತದ ರಾಯಭಾರ ಕಚೇರಿ ತಕರಾರು ಎತ್ತಿತು. ಹೊರಗಿನವರು ತಂದುಕೊಟ್ಟದ್ದನ್ನು ನಂಬಿ ಹಾಕಿದ ಪತ್ರಿಕೆ ಸಮಜಾಯಿಷಿ ಕೊಡಬೇಕಾಯಿತು. ಇನ್ನು ಹೆಂಗಸರ ಬಗ್ಗೆ ಬರೆದ ಹಗುರ ಮಾತು, ಹಳಸಿದ ವ್ಯಂಗ್ಯಚಿತ್ರ, ಕಾರು, ವಿಸ್ಕಿ, ಸೂಟು ಇದ್ದವನೇ ಗಂಡಸು ಅನ್ನುವ ಬಡಾಯಿ, ಇವೂ ರಾಶಿ ರಾಶಿ ಇವೆ. 1963ರಲ್ಲೇ ಗ್ಲೋರಿಯಾ ಸ್ಟೈನಮ್ ಅನ್ನುವ ಪತ್ರಕರ್ತೆ ಹೆಸರು ಬದಲಾಯಿಸಿಕೊಂಡು ನ್ಯೂಯಾರ್ಕಿನ ಪ್ಲೇಬಾಯ್ ಕ್ಲಬ್ಬಿನಲ್ಲಿ ಕೆಲಸಕ್ಕೆ ಸೇರಿ, ಅಲ್ಲಿನ ಹುಡುಗಿಯರ ಸಂಬಳ ಹೇಗೆ ಕತ್ತರಿಯಾಗುತ್ತದೆ, ಬಿಗಿ ಉಡುಪಿನಲ್ಲಿ ನಿಂತು ನಿಂತು ಕಾಲು ಹೇಗೆ ಊದುತ್ತದೆ ಅಂತ ಇನ್ನೊಂದು ಪತ್ರಿಕೆಯಲ್ಲಿ ಬರೆದರು. ಒಳ್ಳೇ ಗದ್ಯ ಚಿತ್ರಗಳನ್ನು ತೊಳೆದುಬಿಡುತ್ತದೆ ಅನ್ನುವ ವಾದ ನನ್ನದಲ್ಲ. ಎರಡೂ ಇದ್ದವು. ಅಷ್ಟೇ.

ಹಾಗಾದರೆ ಒಳ್ಳೇ ಬರಹ ಅಲ್ಲಿಗೆ ಯಾಕೆ ಹೋಯಿತು? ಮೊದಲನೆಯದು ದುಡ್ಡು. ಚಿತ್ರದಿಂದ ಬಂದ ಲಾಭದಲ್ಲಿ ಬರಹಕ್ಕೆ ಧಾರಾಳವಾಗಿ ಕೊಡುತ್ತಿದ್ದರು. ವೈಜ್ಞಾನಿಕ ಕಥೆ ಬರೆಯುವವರಿಗೆ ಬೇರೆ ಪತ್ರಿಕೆಗಳು ಪದಕ್ಕೆ ಇಷ್ಟು ಸೆಂಟ್ ಅಂತ ಎಣಿಸಿ ಕೊಡುತ್ತಿದ್ದ ಕಾಲ. ಎರಡನೆಯದು ಕೋರ್ಟಿನ ಭಯ. ಅಮೆರಿಕದಲ್ಲಿ 1943ರಲ್ಲಿ ಎಸ್ಕ್ವೈರ್‌ಗೆ ಇದ್ದ ಅಂಚೆ ರಿಯಾಯಿತಿಯನ್ನೇ ಸರ್ಕಾರ ಕಿತ್ತುಕೊಂಡಿತ್ತು. 1946ರಲ್ಲಿ ಸುಪ್ರೀಂ ಕೋರ್ಟ್ ವಾಪಸ್ ಕೊಡಿಸಿತು. ಸಮಾಜಕ್ಕೆ ಏನಾದರೂ ಬೆಲೆಯುಳ್ಳದ್ದು ಒಳಗಿದ್ದರೆ ಅಶ್ಲೀಲ ಅನ್ನುವುದು ಕಷ್ಟ ಅನ್ನುವ ಕಡೆಗೆ ಮುಂದಿನ ತೀರ್ಪುಗಳು ಹೊರಳಿದವು. ಹೀಗಾಗಿ ಒಳ್ಳೆಯ ಕಥೆ ಅನ್ನುವುದು ಸಂಪಾದಕನಿಗೆ ಮಳೆಗೆ ಹಿಡಿದ ಕೊಡೆಯೂ ಆಯಿತು. ಕೊಡೆ ಬೇಕಾಗಿದ್ದು ಭಯಕ್ಕೆ, ಆದರೆ ಹಿಡಿದವರು ರುಚಿ ಇದ್ದವರು. ಕೆನ್ಯನ್ ರಿವ್ಯೂ ಅನ್ನುವ ಗಂಭೀರ ಸಾಹಿತ್ಯ ಪತ್ರಿಕೆಯ ಸಂಪಾದಕ ರೋಬಿ ಮೆಕಾಲೆ 1966ರಲ್ಲಿ ಪ್ಲೇಬಾಯ್ ಕಥಾವಿಭಾಗಕ್ಕೆ ಬಂದರು. 1980ರಿಂದ ಇಪ್ಪತ್ತು ವರ್ಷ ಆ ಕುರ್ಚಿಯಲ್ಲಿ ಕೂತವರು ಒಬ್ಬ ಹೆಂಗಸು, ಆಲಿಸ್ ಟರ್ನರ್.

ನಾನೂ ಆ ಥರದ ಕುರ್ಚಿಯಲ್ಲಿ ಕೂತವನೇ. ಮಾಮೂಲಿ ವಾರಪತ್ರಿಕೆಯಲ್ಲಿ ಕಥೆ ಆರಿಸುವಾಗ ಮೂರು ಮಂದಿ ಭುಜದ ಮೇಲೆ ಕೂತಿರುತ್ತಾರೆ. ಜಾಹೀರಾತಿನವರು, ಮನೆಮಂದಿಯೆಲ್ಲ ಓದುತ್ತಾರೆ ಅನ್ನುವ ಮಾಲೀಕರು, ಕೋಪದ ಕಾರ್ಡು ಬರೆಯುವ ಓದುಗರು. ಚಿತ್ರ ನೋಡಲು ಬಂದ ಓದುಗ ಕಥೆ ಸರಿಯಿಲ್ಲ ಅಂತ ಕಾರ್ಡು ಬರೆಯುವುದಿಲ್ಲ. ಆ ಸಂಪಾದಕರಿಗೆ ಸಿಕ್ಕ ಸ್ವಾತಂತ್ರ್ಯದಲ್ಲಿ ಇದರ ಪಾಲು ದೊಡ್ಡದು ಅಂತ ನನ್ನ ಅನುಭವ ಹೇಳುತ್ತದೆ.

ಇನ್ನೊಂದು ವಿಷಯ ನಿಮ್ಮ ಮಗನಿಗೆ ಹೇಳಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1970ರಿಂದ ಪ್ಲೇಬಾಯ್‌ನ ಬ್ರೈಲ್ ಆವೃತ್ತಿ ತರುತ್ತಿತ್ತು. ಚಿತ್ರವಿಲ್ಲ, ಜಾಹೀರಾತಿಲ್ಲ, ಬರೀ ಅಕ್ಷರ. 1985ರಲ್ಲಿ ಅದಕ್ಕೆ ಬರುತ್ತಿದ್ದ ದುಡ್ಡನ್ನು ಅಲ್ಲಿನ ಸಂಸತ್ತು ಕಡಿದುಹಾಕಿತು. ಕಣ್ಣಿಲ್ಲದ ಓದುಗರು ಕೋರ್ಟಿಗೆ ಹೋಗಿ 1986ರಲ್ಲಿ ಗೆದ್ದರು. ಲೇಖನ ಓದೋಕೇ ತರಿಸುತ್ತಿದ್ದವರು ಇವರು. ಇವರ ಮುಂದೆ ಆ ಜೋಕು ನಡೆಯಲ್ಲ.

ಮರೆತುಹೋಗಿದ್ದು ಹೇಗೆ ಅನ್ನುವುದಕ್ಕೆ ದೊಡ್ಡ ಕಾರಣ ಬೇಕಿಲ್ಲ. ಬೇರೆ ಪತ್ರಿಕೆಗಳನ್ನು ವರ್ಷ ವರ್ಷ ಬೈಂಡ್ ಮಾಡಿಸಿ ಇಡುವ ಲೈಬ್ರರಿಗಳು ಇವನ್ನು ಮುಟ್ಟುತ್ತಿರಲಿಲ್ಲ. ಕಥೆ ಸಂಕಲನಕ್ಕೆ ಸೇರಿದ ಮೇಲೆ ಮೊದಲು ಎಲ್ಲಿ ಬಂತು ಅನ್ನುವುದು ಕೊನೆಯ ಪುಟದ ಇರುವೆಯಂಥ ಅಕ್ಷರಕ್ಕೆ ಇಳಿಯುತ್ತದೆ. ಭಾರತಕ್ಕಂತೂ ಪ್ಲೇಬಾಯ್ ತರುವಂತೆಯೇ ಇಲ್ಲ. ಅಶ್ಲೀಲ ಪುಸ್ತಕಗಳ ಆಮದಿಗೆ ಕಸ್ಟಮ್ಸ್ ನಿಷೇಧವಿದೆ. ನಿಮ್ಮ ತಂದೆ ಹೇಗೆ ತಂದರೋ! ಆ ಕಾಲದವರು ಸೂಟ್‌ಕೇಸಿನಲ್ಲಿ ಇಂಜಿನಿಯರಿಂಗ್ ಪುಸ್ತಕಗಳ ಮಧ್ಯೆ ಇಡುತ್ತಿದ್ದರು ಅಂತ ಕೇಳಿದ್ದೇನೆ. ಅಮೆರಿಕದಿಂದ ಬಂದಮೇಲಿನವು ಅವೆನ್ಯೂ ರೋಡಿನದೋ ಮೆಜೆಸ್ಟಿಕ್ ಫುಟ್‌ಪಾತಿನದೋ ಇರಬಹುದು. ಕವರಿನ ಒಳಗೆ ಪೆನ್ಸಿಲ್ಲಿನಲ್ಲಿ ರೇಟು ಬರೆದಿದ್ದರೆ ಹಾಗೆ ಅಂದುಕೊಳ್ಳಿ.

ಡೆಬೊನೇರ್ ನಮ್ಮದೇ, ಮುಂಬೈನದು. ಪ್ಲೇಬಾಯ್ ನೋಡಿ ಮಾಡಿದ್ದು. 1974ರಲ್ಲಿ ವಿನೋದ್ ಮೆಹ್ತಾ ಸಂಪಾದಕರಾಗಿ ಬಂದು ಒಳ್ಳೆಯ ಲೇಖನ, ಸಂದರ್ಶನಗಳಿಗೆ ಜಾಗ ಮಾಡಿದರು. ಮುಂದೆ ದೊಡ್ಡ ದಿನಪತ್ರಿಕೆ, ವಾರಪತ್ರಿಕೆ ನಡೆಸಿದ ಅದೇ ಮೆಹ್ತಾ. ಆಮೇಲೆ ಅನಿಲ್ ಧಾರ್ಕರ್ ಸಂಪಾದಕರಾದರು. ಇಮ್ತಿಯಾಜ್ ಧಾರ್ಕರ್ ಅದರ ಕವಿತೆಯ ಪುಟ ನೋಡಿಕೊಂಡರು. ಭಾರತದಲ್ಲಿ ಇಂಗ್ಲಿಷ್ ಕವಿತೆ ಬರೆಯುವ ಹುಡುಗ ಹುಡುಗಿಯರಿಗೆ ಅಚ್ಚಾಗಲು ಜಾಗವೇ ಇಲ್ಲದಿದ್ದ ದಿನಗಳವು.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಈ ಕೆಲಸಕ್ಕೆ ಹೊಸಬನಾಗಿದ್ದಾಗ ಬಸವನಗುಡಿಯ ಮನೆಯೊಂದರಲ್ಲಿ ಮೇಷ್ಟ್ರೊಬ್ಬರ ಪುಸ್ತಕ ವಿಂಗಡಿಸಿದೆ. ಬೀರುವಿನ ಹಿಂದೆ ಐದಾರು ಡೆಬೊನೇರ್ ಇದ್ದವು. ಮನೆಯವರು ಮುಜುಗರ ಪಟ್ಟುಕೊಂಡರು. ನಾನೂ ದೊಡ್ಡ ಮನುಷ್ಯನ ಹಾಗೆ, ಪುಟ ಕೂಡ ತಿರುಗಿಸದೆ, ಹಳೇ ಪೇಪರಿನವನ ತಕ್ಕಡಿಗೆ ಹಾಕಿಸಿದೆ. ಎರಡು ತಿಂಗಳಾದ ಮೇಲೆ ಮೇಷ್ಟ್ರ ಡೈರಿ ಓದಿದ ಸೊಸೆ ಫೋನ್ ಮಾಡಿದರು. ಮಾವ ಬರೆದ ಒಂದು ಇಂಗ್ಲಿಷ್ ಕವಿತೆ ಅದರಲ್ಲಿ ಅಚ್ಚಾಗಿತ್ತಂತೆ. ಜೀವಮಾನದಲ್ಲಿ ಅಚ್ಚಾದದ್ದು ಅದೊಂದೇ. ಆ ಅಂಗಡಿಗೆ ಓಡಿದೆ. ಅಷ್ಟರಲ್ಲಿ ಅದು ಯಾವ ಅಂಗಡಿಯ ಕಡ್ಲೆಕಾಯಿ ಪೊಟ್ಟಣವಾಗಿತ್ತೋ. ಅವತ್ತಿನಿಂದ ನಾನು ಯಾವ ಗಂಟನ್ನೂ ಬಿಡಿಸದೆ ತೂಗಿಸಿಲ್ಲ.

ನಿಮ್ಮ 38ರಲ್ಲಿ ನನಗೆ ಜಾಸ್ತಿ ಕುತೂಹಲ ಇರುವುದು ಆ ಕವರ್ ಹರಿದ ಎರಡು ಕನ್ನಡದವುಗಳ ಮೇಲೆ. ನೀವು ಅವಕ್ಕೆ ಅರ್ಧ ವಾಕ್ಯ ಕೊಟ್ಟಿದ್ದೀರಿ. 'ರತಿ ವಿಜ್ಞಾನ' ಥರದ ಮಾಸಿಕಗಳು ನಮ್ಮಲ್ಲಿ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಹಗ್ಗಕ್ಕೆ ನೇತಾಡುತ್ತಿದ್ದವು. ಕೊಂಡವರು ಮನೆಗೆ ತರುವ ಮುಂಚೆಯೇ ಹರಿದುಹಾಕುತ್ತಿದ್ದರು. ಹಾಗಾಗಿ ಉಳಿದಿರುವುದು ಕಮ್ಮಿ. ಬರಹದ ಗುಣ? ಪ್ಲೇಬಾಯ್ ಪಕ್ಕ ಇಡಬೇಡಿ, ಅನ್ಯಾಯವಾಗುತ್ತದೆ. ಅಂಥವುಗಳಲ್ಲಿ ಕಥೆಗಳು ಸಾಮಾನ್ಯವಾಗಿ ಸಪ್ಪೆ. ಆದರೆ ಪ್ರಶ್ನೋತ್ತರದ ಪುಟ ಓದಿ ನೋಡಿ. ಈ ವಿಷಯಕ್ಕೆ ಕನ್ನಡದಲ್ಲಿ ಎರಡೇ ಥರದ ಮಾತಿತ್ತು. ಒಂದು ಪಂಡಿತರ ಸಂಸ್ಕೃತ, ಇನ್ನೊಂದು ಬೀದಿಯ ಬೈಗುಳ. ಹೊಸದಾಗಿ ಮದುವೆಯಾದ ಹುಡುಗನ ಹೆದರಿಕೆಗೆ ಇವೆರಡರಲ್ಲೂ ಉತ್ತರ ಕೊಡಲು ಬರುವುದಿಲ್ಲ. ನಡುವಿನ ಒಂದು ಸಾದಾ ಕನ್ನಡ ಬೇಕಿತ್ತು. ಡಾ. ಅನುಪಮಾ ನಿರಂಜನ 'ದಾಂಪತ್ಯ ದೀಪಿಕೆ'ಯಲ್ಲಿ ಮರ್ಯಾದೆಯಿಂದ ಮಾಡಿ ತೋರಿಸಿದ್ದು ಅದನ್ನೇ. ಈ ಮಾಸಿಕಗಳ ಹೆಸರಿಲ್ಲದ ಡಾಕ್ಟರುಗಳು ಎಡವುತ್ತ ಅದನ್ನೇ ಹುಡುಕುತ್ತಿದ್ದರು. ಭಾಷೆಯ ಮೇಲೆ ಕೆಲಸ ಮಾಡುವವರಿಗೆ ಅದು ಬೇಕಾದ ಸಾಮಾನು.

ಹೊದಿಕೆ ನೋಡಿ ಒಳಗಿನದನ್ನು ಎಸೆಯುವುದು ಅಮೆರಿಕದ ಪತ್ರಿಕೆಗೆ ಮಾತ್ರ ಆದದ್ದಲ್ಲ ಅನ್ನಲು ಹತ್ತಿರದ್ದೇ ಒಂದು ಉದಾಹರಣೆ. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ 1910ರಲ್ಲಿ ಮುದ್ದುಪಳನಿಯ 'ರಾಧಿಕಾ ಸಾಂತ್ವನಮು' ಅನ್ನುವ ತೆಲುಗು ಕಾವ್ಯವನ್ನು ಪೂರ್ತಿಯಾಗಿ ಅಚ್ಚು ಹಾಕಿಸಿದರು. ಬರೆದವಳೂ ದೇವದಾಸಿ, ಅಚ್ಚು ಹಾಕಿಸಿದವರೂ ದೇವದಾಸಿ. ದೊಡ್ಡ ದೊಡ್ಡ ಸುಧಾರಕರೇ ಹೇಸಿಗೆ ಅಂದರು. ಬ್ರಿಟಿಷ್ ಸರ್ಕಾರ ಮುಟ್ಟುಗೋಲು ಹಾಕಿತು. ಸ್ವಾತಂತ್ರ್ಯದ ಹೊತ್ತಿಗೆ ನಿಷೇಧ ತೆಗೆದರು. ಇವತ್ತು ಅದನ್ನು ಯೂನಿವರ್ಸಿಟಿಗಳಲ್ಲಿ ಪಾಠ ಮಾಡುತ್ತಾರೆ. ಎರಡೂ ಒಂದೇ ಅನ್ನುತ್ತಿಲ್ಲ. ಬೀಗ ಹಾಕುವವರ ಅವಸರ ಮಾತ್ರ ಒಂದೇ.

ಈಗ ಕಾನೂನು. ನಾನು ವಕೀಲನಲ್ಲ, ಆದರೆ ಈ ಕೆಲಸದಲ್ಲಿ ಇಷ್ಟು ತಿಳಿದುಕೊಳ್ಳಲೇಬೇಕು. 2024ರ ಜುಲೈ 1ಕ್ಕೆ ಮುಂಚೆ ಐಪಿಸಿ 292ನೇ ಸೆಕ್ಷನ್, ಈಗ ಭಾರತೀಯ ನ್ಯಾಯ ಸಂಹಿತೆಯ 294. ಅಶ್ಲೀಲ ವಸ್ತುವನ್ನು ಮಾರುವುದು, ಹಂಚುವುದು, ಬಾಡಿಗೆಗೆ ಕೊಡುವುದು, ಎಲ್ಲರೆದುರು ಪ್ರದರ್ಶಿಸುವುದು, ಇವುಗಳಿಗಾಗಿ ಇಟ್ಟುಕೊಳ್ಳುವುದು ಅಪರಾಧ. ಮೊದಲ ಸಲ ಎರಡು ವರ್ಷದವರೆಗೆ ಶಿಕ್ಷೆ ಇದೆ. ನಿಮ್ಮ ಅಟ್ಟದಲ್ಲಿ ಸುಮ್ನೆ ಇದ್ದ ಟ್ರಂಕ್ ಇದರೊಳಗೆ ಬರುವುದಿಲ್ಲ. ಸಾಹಿತ್ಯ, ಕಲೆ, ವಿಜ್ಞಾನಕ್ಕೆ ರಿಯಾಯಿತಿಯೂ ಉಂಟು. 1985ರಲ್ಲಿ ಸುಪ್ರೀಂ ಕೋರ್ಟ್ ಒಂದು ಬಂಗಾಳಿ ಕಾದಂಬರಿಯನ್ನು ಅಶ್ಲೀಲ ಅಲ್ಲ ಅಂತ ಬಿಟ್ಟಿತು, 2014ರ ತೀರ್ಪಿನಲ್ಲಿ ಕಾಲದ ಸಾಮಾನ್ಯ ಜನರ ದೃಷ್ಟಿಯಿಂದ ನೋಡಬೇಕು ಅಂದಿತು. ಆದರೆ ಫೋನಿನಲ್ಲಿ ಚಿತ್ರದ ಪುಟ ತೆಗೆದು ಫ್ಯಾಮಿಲಿ ಗ್ರೂಪಿಗೋ ಫ್ರೆಂಡ್ಸಿಗೋ ಹಾಕಿದರೆ ಮಾತು ಬೇರೆ. ಅಲ್ಲಿ ಐಟಿ ಕಾಯ್ದೆಯ 67ನೇ ಸೆಕ್ಷನ್ ಬರುತ್ತದೆ. ನಿಮ್ಮ ಮಗನಿಗೆ ಇದನ್ನು ಇವತ್ತೇ ಹೇಳಿ.

ಏನು ಮಾಡಬಹುದು ಅಂದರೆ, ಸುಡುವುದು ಒಂದು ದಾರಿ. ಅದು ನಿಮ್ಮ ಸ್ವತ್ತು, ತಡೆಯಲು ನಾನ್ಯಾರು. ಮಿರುಗುವ ಕಾಗದಕ್ಕೆ ಜೇಡಿಮಣ್ಣಿನ ಲೇಪ ಇರುವುದರಿಂದ ಅದು ಸರಿಯಾಗಿ ಉರಿಯುವುದೂ ಇಲ್ಲ. ಅರ್ಧ ಬೆಂದ ಪುಟ ಪಕ್ಕದ ಮನೆ ಟೆರೇಸಿಗೆ ಹಾರಿದರೆ ಮುಚ್ಚಿಟ್ಟ ವಿಷಯ ಬೀದಿಗೆ ಬಂದಂತೆ. ತೂಕಕ್ಕೆ ಹಾಕಿದರೆ ಅದು ಪೇಪರ್ ಮಿಲ್ಲಿಗೇ ಹೋಗುತ್ತದೆ ಅಂತ ನಂಬಬೇಡಿ. ಫುಟ್‌ಪಾತಿನಲ್ಲಿ ಅಪ್ಪನ ಕೈಬರಹದ ಸಮೇತ ಹರವಿರುತ್ತಾರೆ. ಮಾರಿ ದುಡ್ಡು ಮಾಡುತ್ತೇನೆ ಅನ್ನುವುದಂತೂ ಬೇಡವೇ ಬೇಡ. ಕಾನೂನಿನ ಅಪಾಯ ಒಂದು ಕಡೆ ಇರಲಿ, ಬೆಲೆಯೂ ಇಲ್ಲ. 1972ರ ನವೆಂಬರ್ ಸಂಚಿಕೆ ಒಂದೇ 70 ಲಕ್ಷಕ್ಕಿಂತ ಜಾಸ್ತಿ ಪ್ರತಿ ಹೋಗಿದೆ. ಆ ಕಾಲದ ಪ್ಲೇಬಾಯ್ ಅಪರೂಪದ ವಸ್ತುವಲ್ಲ. 1953ರ ಮೊದಲನೆಯದು ಸಿಕ್ಕಿದ್ದರೆ ಬೇರೆ ಮಾತು.

ಕಥೆಯ ಪುಟಗಳನ್ನಷ್ಟೇ ಕತ್ತರಿಸಿ ಬೈಂಡ್ ಮಾಡಿಸೋಣ ಅಂತ ತುಂಬಾ ಜನ ಕೇಳುತ್ತಾರೆ. ಮರ್ಯಾದಸ್ಥರ ಉಪಾಯ ಅದು. ನನಗೆ ಇಷ್ಟವಿಲ್ಲ. ಕಥೆ ನಲವತ್ತು ಪುಟ ಆಚೆಗೆ ಹಾರಿ ಜಾಹೀರಾತುಗಳ ಸಂದಿಯಲ್ಲಿ ಮುಗಿಯುತ್ತದೆ, ಕತ್ತರಿಸಿದರೆ ಅರ್ಧ ಹೋಗುತ್ತದೆ. ಯಾವುದರ ಪಕ್ಕದಲ್ಲಿ ಏನಿತ್ತು ಅನ್ನುವುದೂ ಹೋಗುತ್ತದೆ. ಲೈಬ್ರರಿಗೆ ಕೊಡುವುದಾದರೆ ಮೊದಲೇ ಪಟ್ಟಿ ಮಾಡಿ, ಬೇಕಾ ಅಂತ ಬರೆದು ಕೇಳಿ. ಹೆಚ್ಚಿನವರು ಬೇಡ ಅನ್ನುತ್ತಾರೆ. ಡೆಬೊನೇರ್ ಮತ್ತು ಕನ್ನಡದ ಎರಡಕ್ಕೆ ಇಂಗ್ಲಿಷ್, ಕನ್ನಡ, ಪತ್ರಿಕೋದ್ಯಮ ವಿಭಾಗಗಳಲ್ಲಿ ಯಾರಾದರೂ ಸಂಶೋಧಕರು ಸಿಗಬಹುದು.

ನಿರ್ಧಾರ ಆಗುವವರೆಗೆ ಅವನ್ನು ಮತ್ತೆ ಅಟ್ಟಕ್ಕೆ ಹಾಕಬೇಡಿ. ನಮ್ಮ ಊರಿನ ಮಳೆಗಾಲದ ತೇವಕ್ಕೆ ಮಿರುಗುವ ಪುಟಗಳು ಒಂದಕ್ಕೊಂದು ಅಂಟಿ ಹಲಗೆಯಾಗುತ್ತವೆ. ಅಂಟಿದ್ದನ್ನು ಎಳೆದು ಬಿಡಿಸಬೇಡಿ, ಅಕ್ಷರ ಎದುರು ಪುಟಕ್ಕೆ ಬಂದುಬಿಡುತ್ತದೆ. ಮಧ್ಯದ ಪಿನ್ನು ತುಕ್ಕು ಹಿಡಿದಿದ್ದರೆ ಹಾಗೇ ಇರಲಿ. ಬಿಸಿಲಿಗೆ ಹಾಕಬೇಡಿ. ಮೆತ್ತನೆ ಬ್ರಷ್‌ನಲ್ಲಿ ಧೂಳು ತೆಗೆದು, ಒಣ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ ಇಡಿ. ನುಸಿಗುಳಿಗೆ ಹಾಕುವುದಾದರೆ ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿರಲಿ, ಕಾಗದಕ್ಕೆ ತಾಗಬಾರದು.

ಅಮ್ಮನ ವಿಷಯ. ಅದು ಅವರ ಮನೆ, ಆ ಟ್ರಂಕ್ ಅವರ ಗಂಡನದು. ಅವರಿಗೆ ಗೊತ್ತಾಗದ ಹಾಗೆ ಸುಡುವುದಾಗಲಿ ಉಳಿಸುವುದಾಗಲಿ ನನಗೆ ಸರಿ ಕಾಣುವುದಿಲ್ಲ. 'ಅಪ್ಪನ ಟ್ರಂಕಿನಲ್ಲಿ ಅಮೆರಿಕದ ಪತ್ರಿಕೆಗಳು ಸಿಕ್ಕವು' ಅಂತಷ್ಟೇ ಹೇಳಿ ಸುಮ್ಮನಾಗಿ ನೋಡಿ. ಐವತ್ತು ವರ್ಷ ಒಂದೇ ಸೂರಿನಡಿ ಇದ್ದವರು, ಯಾವ ಪಂಚೆ ಕಾಣೆಯಾಗಿದೆ ಅಂತ ಗೊತ್ತಿಲ್ಲದೆ ಇರುತ್ತಾರೆಯೇ? ನಾನು ಹೋದ ಮನೆಗಳಲ್ಲಿ ಮಕ್ಕಳು ಪಿಸುಗುಟ್ಟುತ್ತಿದ್ದರೆ ಅಡುಗೆಮನೆಯಿಂದ 'ಅದಾ? ಇನ್ನೂ ಇದೆಯಾ?' ಅಂದ ಅಮ್ಮಂದಿರನ್ನು ನೋಡಿದ್ದೇನೆ. ಎಲ್ಲರೂ ಹಾಗೆ ಅನ್ನಲ್ಲ. ಅವರಿಗೆ ನೋವಾದರೆ ಆ ಪತ್ರಿಕೆಗಳಿಗಿಂತ ಆ ನೋವು ದೊಡ್ಡದು. ಆಗ ಗಂಟು ನಿಮ್ಮ ಮನೆಗೆ ಬರಲಿ.

ಕೊನೆಗೆ ಆ ಪೆನ್ಸಿಲ್ ಗುರುತು. 'ಪಾಚಿ', 'ಹಾಯಿಬಟ್ಟೆ', 'ಲಂಗರು'. ಎರಡು ವರ್ಷ ಅಮೆರಿಕದಲ್ಲಿದ್ದ ಇಂಜಿನಿಯರಿಗೆ ಈ ಇಂಗ್ಲಿಷ್ ಪದಗಳ ಅರ್ಥ ಗೊತ್ತಿರಲಿಲ್ಲವೇ? ಆ ಕಥೆಯಲ್ಲಿ ಹೆಣದ ಮೈಗೆ ಅಂಟಿದ ಪಾಚಿ ತೆಗೆದು, ಹಾಯಿಬಟ್ಟೆಯಲ್ಲಿ ಅವನಿಗೆ ಚಡ್ಡಿ ಹೊಲಿಯುತ್ತಾರೆ ಊರ ಹೆಂಗಸರು. ಬೇಕಾದರೆ ವಾಪಸ್ ಬರಲಿ ಅಂತ ಲಂಗರು ಕಟ್ಟದೆಯೇ ಕಡಲಿಗೆ ಬಿಡುತ್ತಾರೆ. ಗೊತ್ತಿರುವ ಪದಕ್ಕೆ ಅಂಚಿನಲ್ಲಿ ಕನ್ನಡ ಬರೆಯುವವನು ಅರ್ಥ ಹುಡುಕುತ್ತಿರುವುದಿಲ್ಲ. ನಾನು ಅನುವಾದಕರ ಹಸ್ತಪ್ರತಿ ಬಹಳ ನೋಡಿದ್ದೇನೆ. ಶುರು ಮಾಡುವ ಮುಂಚೆ ಅವರು ಹೀಗೇ ಪದ ಆಯ್ದು ಪಕ್ಕದಲ್ಲಿ ಇಟ್ಟುಕೊಳ್ಳುತ್ತಾರೆ. ಕುಮಟಾದ ಕಡಲು ನೋಡಿ ಬೆಳೆದವರು, ಆ ಕಥೆಯನ್ನು ಕನ್ನಡಕ್ಕೆ ತರಲು ಕೂತಿದ್ದರು ಅಂತ ನನ್ನ ಅನುಮಾನ. ತಪ್ಪಿದ್ದರೂ ಇರಬಹುದು.

ಪಂಚಾಂಗ, ರಸೀದಿ, ಲೆಕ್ಕದ ಪುಸ್ತಕ ಅಂತ ಒಂದು ಗಂಟು ಕಟ್ಟಿಟ್ಟಿದ್ದೀರಲ್ಲ, ಅದನ್ನು ಹಳೇ ಪೇಪರಿನವನಿಗೆ ಇನ್ನೂ ಕೊಟ್ಟಿಲ್ಲ ತಾನೇ? ಕೊಡಬೇಡಿ. ಇವತ್ತು ರಾತ್ರಿಯೇ ಬಿಚ್ಚಿ. ಆ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಿಂದ ಶುರು ಮಾಡಿ ನೋಡಿ.